ಅಜ್ಜಿಯ ದನಿ ಇರೋ ಡಬ್ಬಿ ಕೆಳಗೆ ಬೀಳದಿರಲಿ

(ಸುಲ್ತಾನ್ ಬತ್ತೇರಿಯಲ್ಲಿ ಯುವಕ ಯುವತಿಯರ ಮುಂದೆ ಆಡಿದ ಮಾತಿನ ಬರಹ ರೂಪ)

 

ಇವತ್ತು ಭಾಷಣ ಕಮ್ಮಿ, ಕೆಲಸದ ಮಾತು ಜಾಸ್ತಿ. ನಾವೆಲ್ಲ ಮನೆಮನೆಗೆ ಹೋಗಿ ಹಿರಿಯರ ಮಾತು, ಸೋಬಾನೆ ಹಾಡು, ಜೈನ ಗೌಡರ ಮನೆಗಳ ಹಳೇ ಕಾಗದ ಪತ್ರ ಸಂಗ್ರಹಿಸ್ತಾ ಇದ್ದೇವೆ. ಸಂತೋಷ. ಆದರೆ ಅದೆಲ್ಲ ಹೋಗಿ ಕೂತಿರೋದು ಎಲ್ಲಿ? ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ. ಆ ಡಿಸ್ಕ್ ಇರೋದು ಯಾರದೋ ಬ್ಯಾಗಿನಲ್ಲಿ, ನೀರಿನ ಬಾಟಲಿ ಪಕ್ಕದಲ್ಲಿ!

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲದಲ್ಲಿ ಏನಾಯ್ತು ಅಂತ ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆಮೇಲೆ ಕಳೆದುಹೋದ ಕಾಗದಗಳನ್ನು ಮತ್ತೆ ಕೊಡೋಕೆ ಶಿಬಿರ ನಡೆಯಿತು. ರೇಷನ್ ಕಾರ್ಡಿನ ವಿವರ ಸರ್ಕಾರದ ಹತ್ತಿರ ಇರುತ್ತೆ, ಮತ್ತೆ ಕೊಡಬಹುದು. ತೀರಿಹೋದ ಅಜ್ಜಿಯ ಹಾಡನ್ನು ಯಾವ ಕಚೇರಿ ಮತ್ತೆ ಕೊಡುತ್ತೆ?

ಈ ಡಬ್ಬಿ ಯಾಕಿಷ್ಟು ಸೂಕ್ಷ್ಮ? ಒಳಗೆ ನುಣುಪಾದ ತಟ್ಟೆಗಳಿವೆ. ಬಹಳಷ್ಟು ಪೋರ್ಟಬಲ್ ಡಿಸ್ಕುಗಳಲ್ಲಿ ಅವು ನಿಮಿಷಕ್ಕೆ 5400 ಸುತ್ತು ತಿರುಗ್ತವೆ. ಓದೋ ತಲೆ ತಟ್ಟೆಗೆ ತಾಗದೆ ಅದರ ಮೇಲೆ ತೇಲುತ್ತೆ. ನಡುವಿನ ಸಂದು ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಮ್ಮಿ. ತಿರುಗ್ತಾ ಇರುವಾಗ ಮೇಜಿಂದ ಬಿದ್ದರೆ ತಲೆ ತಟ್ಟೆಗೆ ಬಡಿದು ಗೀರು ಬೀಳುತ್ತೆ. ಗೀರು ಬಿದ್ದ ಜಾಗದ ಮಾತು ಹೋದಂತೆಯೇ. ಆಫ್ ಆಗಿರುವಾಗ ತಲೆ ಪಕ್ಕಕ್ಕೆ ಸರಿದು ಕೂತಿರುತ್ತೆ, ಆಗ ಪೆಟ್ಟು ತಡೆಯೋ ಶಕ್ತಿ ಹೆಚ್ಚು. ಹಾಗಾಗಿ ನಮ್ಮ ಮೊದಲ ಕಟ್ಟುನಿಟ್ಟು: ಓಡ್ತಾ ಇರೋ ಡಿಸ್ಕನ್ನು ಕೈಗೆತ್ತಬೇಡಿ. ಜೀಪಿನಲ್ಲಿ ಕೂತು ಕಾಪಿ ಮಾಡೋದಂತೂ ಬೇಡವೇ ಬೇಡ, ನಮ್ಮ ಎಸ್ಟೇಟ್ ರಸ್ತೆ ಗೊತ್ತಲ್ಲ.

ಕಂಪ್ಯೂಟರಿನಲ್ಲಿ ಇಜೆಕ್ಟ್ ಕೊಡಿ, ಗುಂಯ್ ಅನ್ನೋ ಕಂಪನ ಪೂರ್ತಿ ನಿಂತ ಮೇಲೆ ವಯರ್ ತೆಗೀರಿ. ಡಿಸ್ಕನ್ನು ಪುಸ್ತಕದ ಹಾಗೆ ನಿಲ್ಲಿಸಬೇಡಿ, ಮಲಗಿಸಿ. ಬೀಳೋದು ಹೆಚ್ಚಾಗಿ ವಯರಿನಿಂದಲೇ. ಯಾರದೋ ಕಾಲಿಗೆ ಸಿಕ್ಕಿ ಎಳೆದರೆ ಡಿಸ್ಕೂ ಜೊತೆಗೇ ನೆಲಕ್ಕೆ. ಅದಕ್ಕೇ ಗಿಡ್ಡ ವಯರ್ ಹಾಕಿ, ಮೇಜಿನ ಅಂಚಿನಿಂದ ದೂರ ಇಡಿ. ಸೇರಿಸುವಾಗ ನೇರ ಒತ್ತಿ, ಅಲ್ಲಾಡಿಸಬೇಡಿ. ಕೆಲವು ಡಿಸ್ಕುಗಳಲ್ಲಿ ಆ ಯುಎಸ್‌ಬಿ ಕಿಂಡಿ ಒಳಗಿನ ಬೋರ್ಡಿಗೇ ಬೆಸುಗೆಯಾಗಿರುತ್ತೆ. ಅದು ಮುರಿದರೆ ವಯರ್ ಬದಲಿಸಿದ್ರೂ ಪ್ರಯೋಜನವಿಲ್ಲ.

ಇನ್ನು ಮಳೆ. ಲಕ್ಕಿಡಿ ಪಕ್ಕದಲ್ಲಿಟ್ಟುಕೊಂಡು ಮಳೆ ಬಗ್ಗೆ ನಾವೇನು ಪಾಠ ಹೇಳೋದು! ಪೆಟ್ಟಿಗೆ ಸಿಗದಿದ್ದರೆ ಗಾಳಿಯಾಡದ ಸ್ಟೀಲ್ ಟಿಫಿನ್ ಡಬ್ಬಿಯೇ ಸಾಕು: ಒಳಗೆ ದಪ್ಪ ಬಟ್ಟೆ, ಜೊತೆಗೆ ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಕರೆಂಟು ಹೋಗೋದೂ ಮಾಮೂಲಿ, ಕಾಪಿ ನಡೆಯುವಾಗ ಹೋದರೆ ಫೈಲ್ ಕೆಡುತ್ತೆ. ಬ್ಯಾಟರಿ ಇರೋ ಲ್ಯಾಪ್‌ಟಾಪಿನಲ್ಲೇ ಕಾಪಿ ಮಾಡಿ.

ಇಷ್ಟೆಲ್ಲ ಆಗಿಯೂ ಬಿತ್ತು ಅಂತಿಟ್ಕೊಳ್ಳಿ. ಟಿಕ್ ಟಿಕ್ ಸದ್ದು ಬಂದರೆ ತಕ್ಷಣ ತೆಗೆದುಬಿಡಿ. "ಇನ್ನೊಂದ್ಸಲ ನೋಡೋಣ" ಅಂತ ಪದೇ ಪದೇ ಹಾಕಿದಷ್ಟೂ ಗೀರು ಹೆಚ್ಚುತ್ತೆ. ನೆನೆದಿದ್ದರೆ ಕರೆಂಟ್ ಕೊಡಬೇಡಿ, ಅಕ್ಕಿಯಲ್ಲಿ ಹೂಳಬೇಡಿ, ಮನೆಯಲ್ಲಿ ಸ್ಕ್ರೂ ಬಿಚ್ಚಬೇಡಿ. ಡೇಟಾ ರಿಕವರಿ ಮಾಡೋರ ಹತ್ತಿರ ಒಯ್ಯಿರಿ. ಖರ್ಚು ಡಿಸ್ಕಿನ ಬೆಲೆಗಿಂತ ಎಷ್ಟೋ ಪಟ್ಟು, ಸಿಕ್ಕೇ ಸಿಗುತ್ತೆ ಅನ್ನೋ ಖಾತ್ರಿಯೂ ಇಲ್ಲ.

ಎಸ್‌ಎಸ್‌ಡಿ ತಗೊಳ್ಳೋಣವಾ ಅಂತ ಕೆಲವರು ಕೇಳಿದ್ರಿ. ಅದರಲ್ಲಿ ತಿರುಗೋ ತಟ್ಟೆ ಇಲ್ಲ, ಬೀಳೋ ಭಯ ಕಮ್ಮಿ, ಬೆಲೆ ಜಾಸ್ತಿ. ಊರೂರು ತಿರುಗೋಕೆ ಅದು ಒಳ್ಳೇದು. ಆದರೆ ವರ್ಷಗಟ್ಟಲೆ ಕರೆಂಟ್ ಕೊಡದೆ ಬೀರುವಿನಲ್ಲಿ ಇಡೋಕಲ್ಲ.

ಯಾವುದೇ ಇರಲಿ, ಒಂದೇ ಪ್ರತಿ ಅಂದರೆ ಪ್ರತಿಯೇ ಇಲ್ಲ ಅಂತ ನಾವು ಲೆಕ್ಕ ಹಾಕ್ತೇವೆ. ಎರಡು ಡಿಸ್ಕು ಒಂದೇ ಬೀರುವಿನಲ್ಲಿದ್ದರೂ ಒಂದೇ ಲೆಕ್ಕ. ಒಂದು ಬೆಟ್ಟದ ಈಚೆ, ಇನ್ನೊಂದು ಆಚೆ ಇರಲಿ, ಮುಖ್ಯವಾದದ್ದು ಆನ್‌ಲೈನಿನಲ್ಲೂ ಇರಲಿ. ಮೂರು ತಿಂಗಳಿಗೊಮ್ಮೆ ತೆರೆದು ನಾಲ್ಕು ಹಾಡು ಕೇಳಿ, ಓಡ್ತಾ ಇದೆಯಾ ಅಂತ ಗೊತ್ತಾಗುತ್ತೆ.

ಬತ್ತೇರಿಯ ಎರಡನೇ ಪ್ರತಿ ಈ ಮೇಜಿನ ಮೇಲಿರೋ ಟಿಫಿನ್ ಡಬ್ಬಿಯಲ್ಲಿದೆ. ಗುಂಡ್ಲುಪೇಟೆಯವರು ಮರೀದೆ ತಗೊಂಡು ಹೋಗಿ. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚುತ್ತೆ, ಊಟ ಮುಗಿಸಿ ಬೇಗ ಹೊರಡಿ.