ತಾಳ್ಮೆಯೇ ತಪಸ್ಸು
(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

ನನಗೆ ಅಪ್ಪಣೆಯಾಗಿರುವ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಬಿನ್ನವಿಸುವೆನು.

ವಿಷಯವು ತಾಳ್ಮೆ. ಇದು ಹೇಳುವುದಕ್ಕೆ ಸುಲಭವಾದುದು, ಆಚರಣೆಗೆ ಕಠಿನವಾದುದು. ಹಿಂದೆ ಒಂದು ಕಾಗದವು ಊರಿಂದೂರಿಗೆ ಮುಟ್ಟಲು ದಿನಗಳು ಹಿಡಿಯುತ್ತಿದ್ದವು. ಈಗ ಮೊಬೈಲಿನಿಂದ ಕಳುಹಿದ ಸಂದೇಶವು ಕ್ಷಣಾರ್ಧದಲ್ಲಿ ಕಡಲಾಚೆಗೂ ಮುಟ್ಟುವುದು. ಇದು ಉಪಕಾರವೇ ಹೊರತು ದೋಷವಲ್ಲ. ಆದರೆ ಯಂತ್ರದ ವೇಗಕ್ಕೆ ಒಗ್ಗಿದ ಮನಸ್ಸು ಪರಶಿವನಿಂದಲೂ ಅದೇ ವೇಗವನ್ನು ಬಯಸತೊಡಗಿದೆ. ದೋಷವಿರುವುದು ಇಲ್ಲಿ.

ಕೆಲವು ತಿಂಗಳ ಹಿಂದೆ ತರುಣ ಭಕ್ತನೊಬ್ಬನು ನನ್ನ ಬಳಿಗೆ ಬಂದು, "ಶಾಸ್ತ್ರಿಗಳೇ, ಒಂದು ವರ್ಷದಿಂದ ಒಂದು ದಿನವೂ ತಪ್ಪದೆ ಲಿಂಗಪೂಜೆ ಮಾಡುತ್ತಿರುವೆನು. ತಾಯಿ ಹಾಸಿಗೆ ಬಿಟ್ಟು ಏಳಲಿಲ್ಲ. ಶಿವನು ಕೇಳುತ್ತಿರುವನೋ ಇಲ್ಲವೋ ಹೇಳಿರಿ" ಎಂದು ಕಣ್ಣೀರು ತಂದನು. ಶಾಸ್ತ್ರದ ವಾಕ್ಯವೊಂದನ್ನು ಹೇಳಿ ಅವನನ್ನು ಕಳುಹಿಬಿಡುವುದು ನನ್ನಿಂದಾಗಲಿಲ್ಲ. ಅವನಿಗೆ ನನ್ನ ಬಾಲ್ಯದ ಒಂದು ತಪ್ಪನ್ನು ಹೇಳಿದೆನು. ಅದನ್ನೇ ಇಲ್ಲಿಯೂ ಅರಿಕೆಮಾಡುವೆನು.

ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ, ಗುರುಗಳು ಹಳೆಯ ಓಲೆಯ ಕಟ್ಟೊಂದನ್ನು ನನ್ನ ಕೈಗೆ ಕೊಟ್ಟರು. ತೇವ ತಗುಲಿ ಗರಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಥವುಗಳಿಗೆ ಎಣ್ಣೆ ಸವರಿ, ಅದು ಒಳಗೆ ಇಳಿಯುವವರೆಗೆ ಬಿಟ್ಟು, ತೆಳುವಾದ ಬಿದಿರಿನ ಕಡ್ಡಿಯಿಂದ ಮೆಲ್ಲಮೆಲ್ಲನೆ ಬಿಡಿಸತಕ್ಕದ್ದು; ಆಮೇಲೆ ಮಸಿ ತೊಡೆದು ಒರಸಿದರೆ ಅಕ್ಷರಗಳು ಎದ್ದು ತೋರುವುವು. ಎಲ್ಲವೂ ನನಗೆ ತಿಳಿದಿದ್ದಿತು. ಆದರೂ ಸಂಜೆಯೊಳಗೆ ಮುಗಿಸಿ ಗುರುಗಳ ಮೆಚ್ಚುಗೆಯನ್ನು ಪಡೆಯಬೇಕೆಂಬ ಆತುರದಿಂದ ಗರಿಯನ್ನು ಹಿಡಿದು ಎಳೆದೆನು. ಅದು ನಡುವೆ ಮುರಿದು, ಅಂಚು ಪುಡಿಯಾಯಿತು. ಗುರುಗಳು ಗದರಲಿಲ್ಲ. "ಇನ್ನೊಂದು ದಿನ ಕಾಯಬಹುದಾಗಿತ್ತಲ್ಲಾ, ಮಗೂ" ಎಂದಷ್ಟೇ ಹೇಳಿ, ಉಳಿದ ಗರಿಗಳನ್ನು ಬಿಡಿಸುವ ಕೆಲಸವನ್ನು ನನಗೇ ಒಪ್ಪಿಸಿದರು. ಅದಕ್ಕೆ ಒಂದು ತಿಂಗಳು ಹಿಡಿಯಿತು. ಅವೆಲ್ಲವೂ ಓದಲು ಬಂದವು. ಮುರಿದ ಗರಿಯ ಮೂರು ಸಾಲುಗಳು ಮಾತ್ರ ಇಂದಿಗೂ ಆ ಪ್ರತಿಯಲ್ಲಿ ಬರಿದಾಗಿಯೇ ಇವೆ.

ಇಂಥ ಗರಿಗಳಲ್ಲಿಯೇ ಅಲ್ಲವೇ ನಮ್ಮ ವಚನವಾಙ್ಮಯವು ಕಾದಿದ್ದುದು! 12ನೆಯ ಶತಮಾನದ ಶರಣರ ನುಡಿಗಳನ್ನು ಹೆಸರು ತಿಳಿಯದ ಎಷ್ಟೋ ಲಿಪಿಕಾರರು ತಲೆಮಾರಿನಿಂದ ತಲೆಮಾರಿಗೆ ಪ್ರತಿಮಾಡಿ ಉಳಿಸಿದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರುಗಳ ಓಲೆಕಟ್ಟುಗಳನ್ನು ಅರಸಿ, ಓದಿ, ಶೋಧಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾದ ಆ ಪುಣ್ಯಪುರುಷರು ತಮ್ಮ ಬಾಳನ್ನೇ ಇದಕ್ಕೆ ಮುಡಿಪಾಗಿಟ್ಟರು. ಪ್ರತಿಮಾಡಿದ ಲಿಪಿಕಾರರಾದರೋ ತಮ್ಮ ಶ್ರಮದ ಫಲವನ್ನು ಕಣ್ಣಾರೆ ಕಾಣಲಿಲ್ಲ. ಕಾಣೆನೆಂದು ಕಂಟವನ್ನು ಕೆಳಗಿಡಲೂ ಇಲ್ಲ.

ಇದರಿಂದ ತಿಳಿಯತಕ್ಕದ್ದೇನೆಂದರೆ, ತಾಳ್ಮೆಯು ಕೈಕಟ್ಟಿ ಕುಳಿತಿರುವುದಲ್ಲ. ಸೋಮಾರಿಯೂ ಕಾಯುವನು, ಭಕ್ತನೂ ಕಾಯುವನು. ಭಕ್ತನ ಕೈಯಲ್ಲಿ ಕಾಯಕವಿರುವುದೇ ಭೇದ. ಅಕ್ಕಮಹಾದೇವಿಯು ಉಡುತಡಿಯಲ್ಲಿಯೇ ಕುಳಿತು ಚೆನ್ನಮಲ್ಲಿಕಾರ್ಜುನನು ಬರಲೆಂದು ಕಾಯಲಿಲ್ಲ; ಕಲ್ಯಾಣಕ್ಕೆ ನಡೆದು, ಅಲ್ಲಿ ಅಲ್ಲಮಪ್ರಭುದೇವರ ಕಠಿನ ಪರೀಕ್ಷೆಯನ್ನು ಸಹಿಸಿ, ಶ್ರೀಶೈಲದ ಕದಳಿಯವರೆಗೂ ಹೋದಳು. ಅವಳು ನಡೆದ ಒಂದೊಂದು ಹೆಜ್ಜೆಯೂ ನಿರೀಕ್ಷೆಯೇ ಆಗಿದ್ದಿತು. ನಮ್ಮ ಷಟ್‌ಸ್ಥಲಮಾರ್ಗವೂ ಹಾಗೆಯೇ. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಮೆಟ್ಟಲುಗಳನ್ನು ದಾಟಿದ ಮೇಲಲ್ಲವೇ ಐಕ್ಯವು? ಪ್ರಸಾದಿಸ್ಥಲದ ಪ್ರಸನ್ನತೆ ಮೈಗೂಡದಿರುವವನು ಐಕ್ಯಕ್ಕೆ ಕೈಚಾಚಿದರೆ, ಎಣ್ಣೆ ಇಳಿಯದ ಗರಿಯನ್ನು ಎಳೆದಂತಾಗುವುದು.

ಆ ತರುಣನಿಗೆ ನಾನು ಹೇಳಿದುದು ಇಷ್ಟು: "ಅಪ್ಪಾ, ತಾಯಿಗೆ ವೈದ್ಯರು ಹೇಳಿದ ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡು, ಅದರಲ್ಲಿ ತಡಮಾಡುವುದು ತಾಳ್ಮೆಯಲ್ಲ, ಅಲಕ್ಷ್ಯ. ಆಕೆ ಏಳುವಳೆಂದು ಮಾತುಕೊಡಲು ನಾನಾರು? ಆದರೆ ಅಂಗೈಯ ಲಿಂಗವನ್ನು ನೋಡುವಾಗ ಬೇಡಿಕೆಯ ಪಟ್ಟಿಯನ್ನು ಬದಿಗಿಟ್ಟು ನೋಡು." ಅವನು ಮಾತಾಡದೆ ಹೋದನು. ಮೊನ್ನೆ ಮರಳಿ ಬಂದಿದ್ದನು. ತಾಯಿ ಇನ್ನೂ ಎದ್ದಿಲ್ಲ. "ಪೂಜೆ ಮುಗಿಸಿ ಅವ್ವನಿಗೆ ಗಂಜಿ ಕುಡಿಸುತ್ತೇನೆ, ಶಾಸ್ತ್ರಿಗಳೇ. ಮೊದಲು ಅವಸರದಿಂದ ಕುಡಿಸುತ್ತಿದ್ದೆ, ಈಗ ಅವಳು ನುಂಗುವವರೆಗೆ ಕಾಯುತ್ತೇನೆ" ಎಂದನು.

ಶರಣಬಂಧುಗಳೇ, ಇದಕ್ಕಿಂತ ಹೆಚ್ಚಾಗಿ ಹೇಳಲು ನನ್ನಲ್ಲಿ ಪಾಂಡಿತ್ಯವಿಲ್ಲ. ಶಿವನು ತಡಮಾಡುವನೆಂದು ನಾವು ದೂರುವೆವು. ನಮ್ಮ ಮನಸ್ಸು ಹದವಾಗುವ ತನಕ ಎಷ್ಟು ಜನ್ಮಗಳಿಂದ ಆತನೇ ಕಾಯುತ್ತಿರುವನೋ, ಅದನ್ನು ನೆನೆಯೆವು. ಆತನ ಆ ತಾಳ್ಮೆಯಲ್ಲಿ ಒಂದು ಕಣವಾದರೂ ನಮಗೆ ದೊರೆಯಲೆಂದು ಶ್ರೀಗುರುವಿನಲ್ಲಿ ಪ್ರಾರ್ಥಿಸಿ ವಿರಮಿಸುವೆನು. ಶರಣು ಶರಣಾರ್ಥಿ.