ಸಾಕ್ಷಿಯ ನೆನಪು, ಚಿತ್ರಗಾರನ ಕೈ

ಜಯಲಕ್ಷ್ಮಿಪುರಂನ ಮನೆಗಳಲ್ಲಿ ರೇಡಿಯೋ ಮುಂದೆ ಕುಳಿತಿರುವ ನಿಮಗೆ ಮೈಸೂರಿನ ಹಿರಿಯರೊಬ್ಬರನ್ನು ನೆನಪು ಮಾಡಿಕೊಟ್ಟರೆ ತಪ್ಪಾಗದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ನಿಲಯ ನಡೆಸಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಹೆಸರಾಯಿತು. ಹವ್ಯಾಸ ಎಲ್ಲಿಗೆ ಮುಟ್ಟೀತೆಂದು ಯಾರು ಬಲ್ಲರು? ಇಂದು ಹೇಳಹೊರಟಿರುವುದೂ ಹವ್ಯಾಸದ ಕಥೆಯೇ. ಅದು ಫಲಿಸಿದ್ದು ಮಾತ್ರ ಕೊಲೆಯ ತನಿಖೆಯ ನಡುವೆ.

ಮುಂಬಯಿಯಲ್ಲಿ ಚಿತ್ರ ಬರೆಯುವ ತರುಣನೊಬ್ಬ ಪೊಲೀಸು ಠಾಣೆಯಲ್ಲಿ ಯಾವುದೋ ಬಣ್ಣದ ಕೆಲಸದಲ್ಲಿದ್ದ. ಹೋಟೆಲೊಂದರಲ್ಲಿ ನಡೆದ ಕೊಲೆಯ ಮಾತು ಅವನ ಕಿವಿಗೆ ಬಿತ್ತು. ಕೊಲೆಗಾರನನ್ನು ಕಂಡಿದ್ದವನು ಅಲ್ಲಿಯ ಮಾಣಿ. “ಅವನು ಹೇಳಲಿ, ನಾನು ಬರೆಯುತ್ತೇನೆ” ಎಂದ ತರುಣ. ಚಿತ್ರವಾಯಿತು, ಆಸಾಮಿಯೂ ಸಿಕ್ಕಿಬಿದ್ದ. ಮುಂದೆ ಶಾಲೆಯ ಚಿತ್ರಕಲಾ ಶಿಕ್ಷಕರಾದ ಅವರು ಸಂದರ್ಶನಗಳಲ್ಲಿ ಹೇಳಿಕೊಂಡ ಸಂಗತಿ ಇದು. ದಶಕಗಳ ಕಾಲ ಅವರು ಪೊಲೀಸರಿಗೆ ಹಣ ಪಡೆಯದೆ ಚಿತ್ರ ಬರೆದುಕೊಟ್ಟರು.

ಇದರಲ್ಲಿ ಕೈಚಳಕಕ್ಕಿಂತ ಕಿವಿಯ ಪಾತ್ರ ದೊಡ್ಡದು. ಈ ಬೆಳಗ್ಗೆ ಹಾಲು ಹಾಕಿದವನ ಮೂಗು ಹೇಗಿದೆ, ಹೇಳಿ ನೋಡೋಣ! ನಾಲಗೆ ತಡವರಿಸುತ್ತದೆ. ಆದರೆ ಅವನೇ ಎದುರಿಗೆ ಬಂದರೆ ಗುರುತು ಹಿಡಿಯಲು ಕ್ಷಣವೂ ಬೇಡ. ನಾವು ಮುಖವನ್ನು ಇಡಿಯಾಗಿ ನೆನಪಿಡುತ್ತೇವೆ, ಬಿಡಿಬಿಡಿಯಾಗಿ ಅಲ್ಲ. ಆದ್ದರಿಂದ ಚಿತ್ರಗಾರ ಸಾಕ್ಷಿಯ ಭಯ ಇಳಿಯುವವರೆಗೆ ಕಾಯಬೇಕು. ಬರೆದು ತೋರಿಸಿ, ಅಳಿಸಿ, ಮತ್ತೆ ಬರೆಯಬೇಕು. “ಮೀಸೆ ದಪ್ಪವಾಗಿತ್ತಲ್ಲವೆ?” ಎಂದು ಬಾಯಿತಪ್ಪಿ ಕೇಳಿದನೋ, ಇಲ್ಲದ ಮೀಸೆಯೂ ಸಾಕ್ಷಿಯ ನೆನಪಿನಲ್ಲಿ ಬೆಳೆದೀತು.

ಇಲ್ಲಿಯೇ ಅಪಾಯವಿರುವುದು. 1881ರ ಜೂನ್ 27ರಂದು ಇಂಗ್ಲೆಂಡಿನ ಬ್ರೈಟನ್ ರೈಲಿನಲ್ಲಿ ಐಸಾಕ್ ಗೋಲ್ಡ್ ಎಂಬ ವೃದ್ಧನ ಕೊಲೆಯಾಯಿತು. ತಪ್ಪಿಸಿಕೊಂಡ ಲೆಫ್ರಾಯ್ ಎಂಬವನ ಚಿತ್ರವನ್ನು ಡೈಲಿ ಟೆಲಿಗ್ರಾಫ್ ಪತ್ರಿಕೆ ಅಚ್ಚುಹಾಕಿತು. ಪತ್ರಿಕೆಗಳಿಗೆ ಅದು ಹೊಸ ಪದ್ಧತಿ. ಕೂಡಲೇ ಊರೂರುಗಳಿಂದ “ಇಲ್ಲಿ ಕಂಡೆವು” ಎಂಬ ಸುಳ್ಳು ಸುದ್ದಿಗಳು ಬಂದವು. ಆತ ಲಂಡನ್ನಿನ ಬಾಡಿಗೆ ಕೋಣೆಯೊಂದರಲ್ಲಿ ಸೆರೆಸಿಕ್ಕಿದ. ಅದೇ ವರ್ಷ ಗಲ್ಲಿಗೇರಿದ. ಅಪರಾಧಿಯನ್ನು ಹುಡುಕಲೆಂದು ಬರೆದ ಚಿತ್ರ ಮುಖ ಹೋಲುವ ನಿರಪರಾಧಿಗಳ ನೆಮ್ಮದಿಯನ್ನೂ ಕೆಡಿಸಬಲ್ಲದು.

ನಮ್ಮಲ್ಲಿಯೂ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಹತ್ಯೆಯಾದಾಗ, ವಿಶೇಷ ತನಿಖಾ ತಂಡ ಅಕ್ಟೋಬರ್‌ನಲ್ಲಿ ಶಂಕಿತರ ರೇಖಾಚಿತ್ರಗಳನ್ನು ಹೊರಡಿಸಿ ಜನರ ನೆರವು ಕೇಳಿತು. ನೆರವು ಕೇಳಿತು ಎಂಬ ಮಾತನ್ನು ಗಮನಿಸಿ. ಚಿತ್ರ ಸುಳಿವು ಮಾತ್ರ, ತೀರ್ಪಲ್ಲ.

ಮುಂದೆ ಪತ್ರಿಕೆಯಲ್ಲಿ ಇಂಥ ಚಿತ್ರ ಕಂಡಾಗ ನಿಧಾನವಾಗಿ ನೋಡಿ. ನಿಜವಾಗಿ ಗುರುತು ಹತ್ತಿದರೆ ಅಂಜದೆ ಪೊಲೀಸರಿಗೆ ತಿಳಿಸಿ. ಬೀದಿಯಲ್ಲಿ ಮಾತ್ರ ಯಾರತ್ತಲೂ ಬೆರಳು ತೋರಬೇಡಿ. ಇನ್ನು ಮನೆಯ ಮಗು ಅಜ್ಜನ ಮುಖ ಬರೆದು ತಂದರೆ, ಮೂಗು ಸೊಟ್ಟಗಿದೆಯೆಂದು ನಗುವ ಮುನ್ನ ಒಮ್ಮೆ ಯೋಚಿಸಿ. ಮುಖವನ್ನು ನಿಟ್ಟಿಸಿ ನೋಡುವ ಅಭ್ಯಾಸ ಎಂದು ಯಾರಿಗೆ ಒದಗೀತೋ!