ಗಡ್ಡೆ ಒಳಗೇ ಇರುತ್ತೆ

ಬಿ.ಇ. ಓದಿದವನು ಕಂಪ್ಯೂಟರ್ ವಿಷಯ ಹೇಳುತ್ತಾನೆ ಅಂದುಕೊಂಡಿರಬಹುದು. ಇವತ್ತು ರಕ್ತದ ಕ್ಯಾನ್ಸರ್ ಬಗ್ಗೆ ಎರಡು ಮಾತು.

ಅಕ್ಕನ ಮಗನಿಗೆ ಎಂಟನೇ ವಯಸ್ಸಿನಲ್ಲಿ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ ಬಂತು. ತಿಂಗಳ ಕೀಮೋಥೆರಪಿ ಮುಗಿದಾಗ ಸೂಕ್ಷ್ಮದರ್ಶಕದಲ್ಲಿ ರೋಗ ಕಾಣಲಿಲ್ಲ. ಹುಡುಗ ಆಡತೊಡಗಿದ. 'ಇನ್ನು ಔಷಧಿ ಯಾಕೆ, ನಿಲ್ಲಿಸೋಣ' ಎಂದರು ಭಾವ. ಸುಳ್ಳು ಹೇಳಲಾರೆ, ನಾನೂ ತಲೆಯಾಡಿಸಿದ್ದೆ.

ವೈದ್ಯರು ಲೆಕ್ಕ ಕೊಟ್ಟರು. ರೋಗ ಪತ್ತೆಯಾಗುವ ಹೊತ್ತಿಗೆ ಮೈಯಲ್ಲಿ ಸುಮಾರು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳಿರುತ್ತವೆ. ಸೂಕ್ಷ್ಮದರ್ಶಕಕ್ಕೆ ಕಾಣದಿದ್ದರೂ ನೂರಾರು ಕೋಟಿ ಉಳಿದಿರಬಹುದು. ಫ್ಲೋ ಸೈಟೋಮೆಟ್ರಿ ಪರೀಕ್ಷೆ 10,000 ಕೋಶಗಳ ನಡುವೆ ಅಡಗಿದ ಒಂದನ್ನೂ ಹಿಡಿಯುತ್ತದೆ. ಸಿಕ್ಕಿತೋ, ರೋಗ ಮರುಕಳಿಸುವ ಅಪಾಯ ಹೆಚ್ಚು. ಸಿಗದಿದ್ದರೂ ಪೂರ್ತಿ ಹೋಯಿತೆಂದಲ್ಲ. ಅದಕ್ಕೇ ದಿನವೂ ಮರ್ಕ್ಯಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ. ಒಟ್ಟು ಚಿಕಿತ್ಸೆ 2ರಿಂದ 3 ವರ್ಷ.

ಅಕ್ಕನಿಗೆ ಈ ಲೆಕ್ಕ ಬೇಕಾಗಲಿಲ್ಲ. 'ಜೇಕು ಕಿತ್ತರೆ ಹೊಲ ಹಸನಾಗಿ ಕಾಣುತ್ತೆ, ಗಡ್ಡೆ ಒಳಗೇ ಇರುತ್ತೆ' ಅಂದಳು. ಅಂದಿನಿಂದ ಪ್ರತಿ ಮಾತ್ರೆಗೂ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು.

ಮಾತ್ರೆ ನಿಂತು ಎರಡು ವರ್ಷವಾಯಿತು. ತಪಾಸಣೆ ನಡೆದೇ ಇದೆ. ಅವನಿಗೆ ಸಣ್ಣ ಜ್ವರ ಬಂದರೂ ಅಕ್ಕ ಆ ರಾತ್ರಿ ಮಲಗುವುದಿಲ್ಲ. ಹುಡುಗ ಈ ವರ್ಷ ಇಲ್ಲೇ ಎಂಟನೇ ತರಗತಿ.